ಜೋಳದ ಹೊಲದಲ್ಲಿ ಸಿಕ್ಕ ಜವಾಬು

ಬೆಳಗಿನ ಐದು ಗಂಟೆ. ಬೈಲಹೊಂಗಲದ ಪೇಟೆ ಓಣಿಗೆ ಹಾಲಿನವನ ಗಾಡಿಯೂ ಇನ್ನೂ ಬಂದಿಲ್ಲ. ಲೀಲಾಬಾಯಿ ಪುರಾಣಿಕರು ಅಂಗಳಕ್ಕೆ ನೀರು ಹಾಕಿ, ರಂಗೋಲಿಯ ನಾಲ್ಕೆಳೆ ಎಳೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪಡಸಾಲೆಯ ಮೂಲೆಗೆ ಬರುತ್ತಾರೆ. ಅಲ್ಲಿ ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ ಒಂದು ಕಂಪ್ಯೂಟರ್ ಕುಳಿತಿದೆ. ಅದರ ಮಗ್ಗುಲಿನ ತಗಡು ಕಳಚಿ ವರ್ಷಗಳೇ ಆಗಿವೆ, ಒಳಗಿನ ಕರುಳೆಲ್ಲ ಹೊರಗೆ ಕಾಣುತ್ತದೆ. ಲೀಲಾಬಾಯಿ ಒಂದು ಸೀಡಿಯನ್ನು ಅಂಚಿನಲ್ಲಿ ಹಿಡಿದು, ಬಲ್ಬಿನ ಬೆಳಕಿಗೆ ತಿರುಗಿಸಿ ನೋಡಿ, ಡ್ರೈವಿನ ತಟ್ಟೆಗೆ ಇಳಿಸುತ್ತಾರೆ. ತಟ್ಟೆ ಒಳಗೆ ಹೋಗುತ್ತದೆ. ಅವರು ಪರದೆ ನೋಡುವುದಿಲ್ಲ, ಕಣ್ಣು ಮುಚ್ಚಿ ಕಿವಿ ಕೊಡುತ್ತಾರೆ.

“ಸೀಡಿ ಚಲೋ ಇತ್ತಂದ್ರ ಡ್ರೈವು ಬೀಸೋ ಕಲ್ಲಿನಂಗ ಒಂದೇ ಸಮನ ತಿರಗತದ್ರಿ. ಕೆಟ್ಟಿತ್ತಂದ್ರ ಕೆಮ್ಮತದ. ಎದುರಿನ ಹಿಟ್ಟಿನ ಗಿರಣಿ ಚಾಲೂ ಆತಂದ್ರ ಈ ಕೆಮ್ಮು ಕೇಳಸೂದಿಲ್ಲ. ಅದಕ್ಕ ಇಷ್ಟ ಜಲ್ದಿ ಏಳೂದು,” ಎನ್ನುತ್ತಾರೆ.

ಇವತ್ತು ಅದು ಕೆಮ್ಮುತ್ತಿದೆ. ಎಪ್ಪತ್ತು ದಿನಗಳಿಂದ ಕೆಮ್ಮುತ್ತಲೇ ಇದೆ. ಆ ಸೀಡಿಯಲ್ಲಿ ಎಂಟು ಹಾಡುಗಳಿವೆ. ಏಳನ್ನು ಲೀಲಾಬಾಯಿ ಹೇಗೋ ಇಳಿಸಿಕೊಂಡಿದ್ದಾರೆ, ಎಂಟನೆಯದು ಅರ್ಧಕ್ಕೆ ನಿಂತು ಜಪ್ಪಯ್ಯ ಎಂದರೂ ಮುಂದೆ ಹೋಗುವುದಿಲ್ಲ. ಆ ಹಾಡನ್ನು ಹಾಡಿದ ಕರೆವ್ವ ಇವತ್ತು ಸುರೇಬಾನದಿಂದ ಮೊದಲ ಬಸ್ಸಿಗೆ ಹೊರಟಿದ್ದಾರೆ. ಹತ್ತು ಗಂಟೆಗೆ ಈ ಪಡಸಾಲೆಯಲ್ಲಿ ಇರುತ್ತಾರೆ. ಅಷ್ಟರೊಳಗೆ ಒಂದು ಕೊನೆಯ ಪ್ರಯತ್ನ ಎಂದು ಲೀಲಾಬಾಯಿ ಕುಳಿತಿದ್ದಾರೆ.

ಅರವತ್ತೆರಡರ ಲೀಲಾಬಾಯಿಯವರ ಈ ಕೆಲಸಕ್ಕೆ ಯಾವ ದಫ್ತರದಲ್ಲೂ ಹೆಸರಿಲ್ಲ. ಊರವರು ‘ಸೀಡಿ ಇಳಿಸೋ ಬಾಯಾರು’ ಎನ್ನುತ್ತಾರೆ. ಮನೆಮನೆಯ ಕಪಾಟಿನಲ್ಲಿ ಸೀಡಿಗಳಿವೆ, ಅವನ್ನು ಹಾಡಿಸುವ ಪೆಟ್ಟಿಗೆಗಳು ಮಾತ್ರ ಗುಜರಿಗೆ ಹೋಗಿವೆ. ಭಜನಾ ಮಂಡಳಿಯವರು, ಗುಡಿಯ ಪೂಜಾರಿಗಳು, ಟ್ರ್ಯಾಕ್ಟರ್ ಹೊಡೆಯುವವರು, ಯಾವುದೋ ಸೋಬಾನೆ ಪದದಲ್ಲಿ ತಮ್ಮ ಸೋದರತ್ತೆಯ ದನಿ ಇದೆ ಎಂದು ಹುಡುಕಿಕೊಂಡು ಬರುವವರು, ಎಲ್ಲರೂ ಚೀಲದಲ್ಲಿ ಸೀಡಿ ಹಾಕಿಕೊಂಡು ಈ ಮನೆಯ ಕಟ್ಟೆ ಹತ್ತುತ್ತಾರೆ. ಬಾಯಾರು ಆ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿ, ಹೆಸರು ಬರೆದು, ಪೆನ್ ಡ್ರೈವಿಗೆ ತುಂಬಿ ಕೊಡುತ್ತಾರೆ.

ಪುರಾಣ ಹೇಳುವ ಮನೆತನಕ್ಕೆ ಈ ಉದ್ಯೋಗ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಮಂಚದ ಮೇಲಿನಿಂದ ಬರುತ್ತದೆ. ಅಲ್ಲಿ ಪೇಪರು ಓದುತ್ತ ಕುಳಿತವರು ಪತಿ ನೀಲಕಂಠ ಪುರಾಣಿಕರು. ಬಸ್ ನಿಲ್ದಾಣದ ಹತ್ತಿರ ಇಪ್ಪತ್ತೇಳು ವರ್ಷ ಕ್ಯಾಸೆಟ್ ಮತ್ತು ಸೀಡಿ ಅಂಗಡಿ ನಡೆಸಿದವರು. ಸವದತ್ತಿಯ ಗುಡ್ಡಕ್ಕೆ ಹೋಗುವ ಭಕ್ತರಿಗೆ ಚೌಡಿಕೆ ಪದ, ರಾಮದುರ್ಗದ ಕಡೆಯವರಿಗೆ ಗೀಗೀ ಪದ, ಮದುವೆ ಮನೆಗೆ ಸೋಬಾನೆ. ಎಲ್ಲರ ಕೈಗೂ ಫೋನು ಬಂದಾಗ ಅಂಗಡಿಯ ಬಾಗಿಲು ಹಾಕಿದರು.

“ಇಪ್ಪತ್ತೇಳು ವರ್ಷ ನಾ ಊರೂರಿಗೆ ಮಾರಿದ್ದನ್ನ ಈಕಿ ಮನ್ಯಾಗ ಕೂತು ವಾಪಸ್ ತರಸ್ಲಿಕ್ಕತ್ತಾಳ್ರಿ. ಹಿಂಗ ಅಂತ ಮೊದಲ ಗೊತ್ತಿದ್ರ ಮಾರ್ತಿದ್ದೇ ಇಲ್ಲ,” ಎಂದು ನೀಲಕಂಠರು ಪೇಪರಿನ ಮರೆಯಿಂದ ನಗುತ್ತಾರೆ.

ಕಂಪ್ಯೂಟರ್ ತಂದುಕೊಟ್ಟವರು ಲೀಲಾಬಾಯಿಯವರ ಅಣ್ಣನ ಮಗ ಸುಮೇಧ. ಧಾರವಾಡದ ಒಂದು ಕಾಲೇಜಿನ ಲ್ಯಾಬಿನಲ್ಲಿ ಸಹಾಯಕರು. ಒಂಬತ್ತು ವರ್ಷದ ಹಿಂದೆ, ಲ್ಯಾಬಿನಿಂದ ಹೊರಹಾಕಿದ ಮುದಿ ಯಂತ್ರವೊಂದನ್ನು ಹೊತ್ತು ತಂದು, ಅದರಲ್ಲಿ ಲಿನಕ್ಸ್ ಎಂಬ ತಂತ್ರಾಂಶ ಕೂಡಿಸಿದರು. ಬೇರೆ ಯಾವುದನ್ನು ಹಾಕಿದರೂ ಅದು ಏದುಸಿರು ಬಿಡುತ್ತಿತ್ತಂತೆ. “ಆತ್ಯಾ, ಇದಕ್ಕ ರೊಕ್ಕ ಕೊಡಬೇಕಾಗಿಲ್ಲ, ವೈರಸ್ ಕಾಟಾನೂ ಇಲ್ಲ. ಸೀಡಿ ಹಾಕು, ಹಾಡಿನ ಪಟ್ಟಿ ಬರತದ, ಇಂಪೋರ್ಟ್ ಒತ್ತು, ಮುಗೀತು,” ಎಂದು ಹೇಳಿ ಸುಮೇಧ ಸಂಜೆಯ ಬಸ್ಸಿಗೆ ಹೋದರು. ಮುಗಿಯಲಿಲ್ಲ, ಅಲ್ಲಿಂದಲೇ ಶುರುವಾಯಿತು.

ಮೊದಲ ಗಿರಾಕಿ ದೊಡವಾಡದ ಕಲ್ಮೇಶ, ಟ್ರ್ಯಾಕ್ಟರ್ ಚಾಲಕರು. ಹದಿನಾಲ್ಕು ಸೀಡಿ ಕೊಟ್ಟು, ಪೆನ್ ಡ್ರೈವ್ ತೆಗೆದುಕೊಂಡು ಖುಷಿಯಿಂದ ಹೋದವರು ಮರುದಿನವೇ ಮುಖ ಸಣ್ಣದು ಮಾಡಿಕೊಂಡು ಬಂದರು. “ಬಾಯಾರ, ಒಂದ ಹಾಡೂ ಹತ್ತವಲ್ದರಿ. ಟ್ರ್ಯಾಕ್ಟರ್ ಮೂಗಬಸವಣ್ಣ ಆಗೇತಿ.” ಲಿನಕ್ಸಿನಲ್ಲಿ ಹಾಡು ಇಳಿಸುವ ಪ್ಲೇಯರ್ ಅವನ್ನು ತನಗೆ ಇಷ್ಟವಾದ ಒಂದು ಬಗೆಯಲ್ಲಿ ಕಟ್ಟಿಡುತ್ತದೆ, ಸಂತೆಯಲ್ಲಿ ಕೊಂಡ ಟ್ರ್ಯಾಕ್ಟರಿನ ಪೆಟ್ಟಿಗೆಗೆ ಆ ಕಟ್ಟು ಬಿಚ್ಚಲು ಬಾರದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಕಥೆ. ಲೀಲಾಬಾಯಿ ಹದಿನಾಲ್ಕೂ ಸೀಡಿಗಳನ್ನು ಮತ್ತೆ ಇಳಿಸಿದರು.

ಅಂದಿನಿಂದ ಅವರು ಪ್ರತಿ ಹಾಡನ್ನೂ ಎರಡು ಬಗೆಯಲ್ಲಿ ಇಡುತ್ತಾರೆ. ಒಂದು, ದನಿಯ ಒಂದು ಎಳೆಯನ್ನೂ ಕಳೆಯದ ದೊಡ್ಡ ಫೈಲು. ಅದು ಮನೆಯ ಹಾರ್ಡ್ ಡಿಸ್ಕಿನಲ್ಲೇ ಉಳಿಯುತ್ತದೆ. ಇನ್ನೊಂದು, ಎಲ್ಲ ಪೆಟ್ಟಿಗೆಗಳೂ ಓದುವ ಸಣ್ಣ ಫೈಲು. ಅದು ಗಿರಾಕಿಯ ಪೆನ್ ಡ್ರೈವಿಗೆ. ಇದನ್ನು ಅವರು ಯಾರಿಗೆ ಹೇಳಿದರೂ ಒಂದೇ ಮಾತಿನಲ್ಲಿ ಹೇಳುತ್ತಾರೆ: “ಒಂದು ಬೀಜದ ಕಾಳು, ಒಂದು ಉಣ್ಣೋ ಕಾಳು.”

ಹೆಸರಿನ ವಿಷಯದಲ್ಲೂ ಯಂತ್ರ ಒಮ್ಮೆ ಚೆನ್ನಾಗಿ ಟೋಪಿ ಹಾಕಿತು. ಇಂಟರ್ನೆಟ್ ಇದ್ದರೆ ಪ್ಲೇಯರ್ ತಾನೇ ಸೀಡಿಯ ಹೆಸರು ಹುಡುಕಿ ತರುತ್ತದೆ, ಹಾಡುಗಳ ಉದ್ದ ಅಳೆದು ಊಹೆ ಮಾಡುತ್ತದೆ. ದೊಡವಾಡದ ಭಜನಾ ಮಂಡಳಿಯ ಸೀಡಿ ಹಾಕಿದರೆ, ಸಮುದ್ರದಾಚೆಯ ಯಾವುದೋ ದೇಶದ ಬ್ಯಾಂಡಿನವರು ಎಂದು ತೋರಿಸಿತಂತೆ. ಲೀಲಾಬಾಯಿ ಅಂದೇ ಆ ಸೌಕರ್ಯವನ್ನು ಬಂದ್ ಮಾಡಿದರು. ಈಗ ಎಲ್ಲವನ್ನೂ ಕೈಯಾರೆ ಕನ್ನಡದಲ್ಲಿ ಬರೆಯುತ್ತಾರೆ. ಹಾಡಿದವರು, ಊರು, ಹಿಮ್ಮೇಳ, ತಾಳ. ದಪ್ಪು ಬಾರಿಸಿದವರ ಹೆಸರು ಸೀಡಿಯ ಕವರಿನ ಮೇಲೆ ಇಲ್ಲದಿದ್ದರೆ ಫೋನು ಮಾಡಿ ಕೇಳಿ ಬರೆಯುತ್ತಾರೆ. “ರಾತ್ರಿಯೆಲ್ಲ ಬಡದು ಬೆರಳು ಊದಿಸಿಕೊಂಡಾಂವ ಅಂವಾ. ಅವನ ಹೆಸರ ಬಿಟ್ರ ಹೆಂಗ್ರಿ?” ಎಂಬುದು ಅವರ ವಾದ.

ವಾರಕ್ಕೆ ಆರೇಳು ಸೀಡಿ. ಶುದ್ಧವಾಗಿದ್ದರೆ ಒಂದಕ್ಕೆ ಹತ್ತು ನಿಮಿಷ ಸಾಕು, ಗೀರು ಬಿದ್ದಿದ್ದರೆ ಅರ್ಧ ದಿನ. ಬೆಳಿಗ್ಗೆ ಐದರಿಂದ ಗಿರಣಿ ಶುರುವಾಗುವ ಏಳೂವರೆತನಕ ಇಳಿಸುವ ಕೆಲಸ, ಅಡಿಗೆ ಮುಗಿದ ಮೇಲೆ ಹೆಸರು ಬರೆಯುವ ಕೆಲಸ, ಮಧ್ಯಾಹ್ನ ಕರೆಂಟು ಹೋದರೆ ಕಣ್ಣಿಗೆ ವಿಶ್ರಾಂತಿ. ಒಂಬತ್ತು ವರ್ಷದಲ್ಲಿ ಮೂರು ಸಾವಿರದ ನೂರ ನಲವತ್ತು ಸೀಡಿಗಳು ಇಳಿದಿವೆ. ನಾಲ್ಕು ಡ್ರೈವುಗಳು ಸವೆದು ಸತ್ತಿವೆ. ಸತ್ತವನ್ನು ಅವರು ಎಸೆದಿಲ್ಲ. ಒಂದರ ಹಲ್ಲು ಇನ್ನೊಂದಕ್ಕೆ, ಇದರ ಪಟ್ಟಿ ಅದಕ್ಕೆ ಎಂದು ಬಿಸ್ಕಿಟಿನ ತಗಡಿನ ಡಬ್ಬಿಯಲ್ಲಿ ಕೂಡಿಟ್ಟಿದ್ದಾರೆ.

ಇಷ್ಟು ಕಟ್ಟುನಿಟ್ಟಿನ ಹೆಂಗಸಿನ ಕೈಯಲ್ಲೇ ಆ ತಪ್ಪು ಆಗಿದ್ದು. ಅದನ್ನು ಅವರು ಮುಚ್ಚಿಡುವುದಿಲ್ಲ. ಮಾತಿನ ನಡುವೆ ತಾವೇ ತೆಗೆಯುತ್ತಾರೆ.

ಎರಡು ವರ್ಷದ ಹಿಂದೆ ಸುರೇಬಾನದ ಕರೆವ್ವ ಒಂದು ಜೋಡಿ ಸೀಡಿ ತಂದಿದ್ದರು. ಹರದೇಶಿ ನಾಗೇಶಿ ಹಾಡಿಕೆ. ಗಂಡು ಹೆಚ್ಚು ಎಂದು ಹಾಡುವ ಮೇಳ ಹರದೇಶಿ, ಹೆಣ್ಣು ಹೆಚ್ಚು ಎಂದು ಹಾಡುವ ಮೇಳ ನಾಗೇಶಿ. ಒಬ್ಬರು ಹಾಡಿನಲ್ಲಿ ಸವಾಲು ಹಾಕಬೇಕು, ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಬಾರದಿದ್ದರೆ ಸೋತಂತೆ. ಕರೆವ್ವ ನಲವತ್ತು ವರ್ಷ ನಾಗೇಶಿ ಹಾಡಿದವರು, ಒಂದು ಸವಾಲಿಗೂ ಬಾಯಿ ಕಟ್ಟಿ ಕುಳಿತವರಲ್ಲ. ಎದುರಾಳಿ ಹಣಮಂತಪ್ಪ ಸೆಡ್ಡು ಹೊಡೆದು ಹಾಡಿದ ಎಂಟು ಸವಾಲು ಒಂದು ಸೀಡಿಯಲ್ಲಿ, ಕರೆವ್ವ ಕೊಟ್ಟ ಎಂಟು ಜವಾಬು ಇನ್ನೊಂದರಲ್ಲಿ. ಇಪ್ಪತ್ತು ವರ್ಷದ ಹಿಂದೆ ಒಂದು ಸಣ್ಣ ಸ್ಟುಡಿಯೋದವರು ಹೀಗೆ ಬೇರೆ ಬೇರೆ ಮಾಡಿ ಮಾರಿದ್ದರು. ಆ ಸ್ಟುಡಿಯೋ ಈಗಿಲ್ಲ.

ಡಬ್ಬಿ ತೆರೆದಾಗ ಮೇಲಿದ್ದದ್ದು ಜವಾಬು. ಲೀಲಾಬಾಯಿ ಮೊದಲು ಅದನ್ನೇ ಇಳಿಸಿದರು. ‘ಹರದೇಶಿ ನಾಗೇಶಿ, ಸುರೇಬಾನ’ ಎಂದು ಹೆಸರು ಬರೆದರು. ಆಮೇಲೆ ಸವಾಲಿನ ಸೀಡಿ ಹಾಕಿದರು, ಅದಕ್ಕೂ ಅದೇ ಹೆಸರು ಬರೆದರು. ಇಲ್ಲೂ ಒಂದರಿಂದ ಎಂಟು, ಅಲ್ಲೂ ಒಂದರಿಂದ ಎಂಟು. ‘ಈ ಹೆಸರಿನ ಫೈಲು ಮೊದಲೇ ಇದೆ, ಇದರ ಮೇಲೆಯೇ ಬರೆಯಲೇ?’ ಎಂದು ಯಂತ್ರ ಕೇಳಿತು. ಅದೇ ಹೊತ್ತಿಗೆ ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು. ಲೀಲಾಬಾಯಿ ‘ಎಲ್ಲಕ್ಕೂ ಹೌದು’ ಎಂದು ಒತ್ತಿ ಅಡಿಗೆಮನೆಗೆ ಓಡಿದರು. ಆತುರಗಾರರಿಗೆ ಬುದ್ಧಿ ಮಟ್ಟ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಹಣಮಂತಪ್ಪನ ಎಂಟು ಸವಾಲುಗಳು ಹೋಗಿ ಕರೆವ್ವನ ಎಂಟು ಜವಾಬುಗಳ ಮೇಲೆ ಕುಳಿತವು. ಕೆಳಗಿದ್ದದ್ದು ಅಳಿಸಿಹೋಯಿತು.

ಅಷ್ಟಕ್ಕೇ ನಿಂತಿದ್ದರೆ ಸೀಡಿಯಾದರೂ ಉಳಿಯುತ್ತಿತ್ತು. ಆದರೆ ಆಗ ಲೀಲಾಬಾಯಿಗೆ ಒಂದು ಮಾತು ಚಟವಾಗಿತ್ತು. ಕೆಲಸ ಮುಗಿದ ಸೀಡಿಯನ್ನು ಕೈಗೆ ಕೊಡುತ್ತ ಎಲ್ಲರಿಗೂ ಹೇಳುತ್ತಿದ್ದರು: “ಇನ್ನ ಇದರ ಕೆಲಸ ಮುಗೀತ್ರಿ. ಹೊಲಕ್ಕ ಕಟ್ರಿ, ಹಕ್ಕಿ ಹೆದರತಾವ.” ಜೋಳ ಹಾಲುಗಾಳು ಹಿಡಿಯುವಾಗ ದಾರಕ್ಕೆ ಸೀಡಿ ಪೋಣಿಸಿ ಹೊಲದ ಮೇಲೆ ಎಳೆಯುವುದು ಈ ಕಡೆ ಎಲ್ಲರೂ ಮಾಡುವ ಉಪಾಯ. ಬಿಸಿಲಿಗೆ ಅದು ಮಿಂಚಿದರೆ ಗುಬ್ಬಿಗಳ ಹಿಂಡು ಹತ್ತಿರ ಸುಳಿಯುವುದಿಲ್ಲ. ಕರೆವ್ವನಿಗೂ ಬಾಯಾರು ಅದೇ ಮಾತು ಹೇಳಿದರು, ಕರೆವ್ವ ಅದನ್ನು ನಡೆಸಿಕೊಟ್ಟರು.

ಹಾಡುವವರಿಗೆ ತಮ್ಮ ಹಾಡನ್ನು ಕೂತು ಕೇಳುವ ಪುರುಸೊತ್ತು ಎಲ್ಲಿಯದು? ಪೆನ್ ಡ್ರೈವ್ ಟ್ರಂಕಿನ ತಳದಲ್ಲಿ ಮಲಗಿತು. ಹೋದ ಶ್ರಾವಣದಲ್ಲಿ ಕರೆವ್ವನ ಗಂಟಲಲ್ಲಿ ಗಂಟು ಎದ್ದು, ಹುಬ್ಬಳ್ಳಿಗೆ ಹೋಗಿ ತೆಗೆಸಿದರು. ಜೀವ ಉಳಿಯಿತು, ದನಿ ಹೋಯಿತು. ಈಗ ಎಪ್ಪತ್ತೊಂದರ ಆ ಅಜ್ಜಿ ಮಾತಾಡಿದರೆ ಒಣಗಿದ ಎಲೆ ಸರಿದಷ್ಟೇ ಸಪ್ಪಳ. ಮೇಳವನ್ನು ಸೊಸೆ ನೀಲಾ ಹಿಡಿದಿದ್ದಾರೆ. ಬರುವ ಬಸವ ಜಯಂತಿಗೆ ರಾಮದುರ್ಗದ ಕಡೆ ಹಾಡಿಕೆ ನಿಗದಿಯಾಗಿದೆ. ಎದುರಿಗೆ ಹಣಮಂತಪ್ಪನ ಶಿಷ್ಯ ಬಾಳೇಶ ಗುರುವಿನ ಅದೇ ಎಂಟು ಸವಾಲು ಹಾಕುವವರು. ನೀಲಾಗೆ ಅತ್ತೆಯ ಎಂಟು ಜವಾಬು ಬೇಕು. ಸಂಕ್ರಾಂತಿ ಮುಗಿದ ವಾರ ಪೆನ್ ಡ್ರೈವ್ ತೆಗೆದು ಹಾಕಿದರೆ, ಬರೀ ಹಣಮಂತಪ್ಪನ ದನಿ.

ಅತ್ತೆ ಸೊಸೆ ಇಬ್ಬರೂ ಬೈಲಹೊಂಗಲಕ್ಕೆ ಬಂದರು. ಕರೆವ್ವ ಪಿಸುದನಿಯಲ್ಲಿ ಹೇಳಿದ ಮಾತನ್ನು ಲೀಲಾಬಾಯಿ ಇವತ್ತಿಗೂ ಮರೆತಿಲ್ಲ. “ಬಾಯಾರ, ಅಂವಾ ಸತ್ತು ಮೂರ ವರ್ಸ ಆತು, ಇನ್ನೂ ಸವಾಲ ಹಾಕೂದ ಬಿಟ್ಟಿಲ್ಲ. ನಾ ಜೀವಂತ ಅದೀನಿ, ಡಬ್ಬ್ಯಾಗ ನನ್ನ ಬಾಯಿ ಬಂದ್ ಆಗೇತಿ. ನಾ ಜವಾಬ ಕೊಟ್ಟಿದ್ದಿಲ್ಲೇನರಿ?”

ಬಾಯಿಂದ ಹೇಳಿ ಕಲಿಸಲು ಆಗುವುದಿಲ್ಲವೇ ಎಂದು ಲೀಲಾಬಾಯಿ ಕೇಳಿದರು. ಕರೆವ್ವ ತಲೆ ಅಲ್ಲಾಡಿಸಿದರು. “ಹಾಡಿದ್ರ ಬರತೈತ್ರಿ. ಹೇಳಂದ್ರ ಬರೂದುಲ್ಲ. ಒಂದ ನುಡಿ ಹಾಡಿದ ಮ್ಯಾಲೆ ಅದು ಮುಂದಿನ ನುಡೀನ ಕೈ ಹಿಡದ ಕರಕೊಂಡ ಬರತೈತಿ. ಈಗ ಹಾಡಾಕ ದನಿ ಎಲ್ಲೈತಿ?”

ಹಾರ್ಡ್ ಡಿಸ್ಕ್ ತೆರೆದು ನೋಡಿದ ಮೇಲೆ ಲೀಲಾಬಾಯಿಗೆ ಎಲ್ಲವೂ ಅರ್ಥವಾಯಿತು. ಬೀಜದ ಕಾಳೂ ಇಲ್ಲ, ಉಣ್ಣುವ ಕಾಳೂ ಇಲ್ಲ. ಸೀಡಿಯೇ ಕೆಟ್ಟಿತ್ತು ಎಂದಿದ್ದರೆ ಮಾತು ಮುಗಿಯುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಹಾಗೆ ಹೇಳಲಿಲ್ಲ. “ನಿಮ್ಮ ದನಿ ನಾನೇ ಅಳಿಸೇನಿ ಕರೆವ್ವಾ. ಹೊಲಕ್ಕ ಕಟ್ರಿ ಅಂತ ಹೇಳ್ದಾಕಿನೂ ನಾನೇ,” ಎಂದರು. ಆ ರಾತ್ರಿ ತಮಗೆ ಊಟ ಸೇರಲಿಲ್ಲ ಎಂದು ನೀಲಕಂಠರು ಹೇಳುತ್ತಾರೆ, ತಪ್ಪು ಹೆಂಡತಿಯದು, ಉಪವಾಸ ತಮ್ಮದೂ ಆಯಿತು ಎಂಬ ಧಾಟಿಯಲ್ಲಿ.

ಬೇರೆ ಪ್ರತಿ ಎಲ್ಲಾದರೂ ಇದ್ದೀತು ಎಂದು ಹುಡುಕಿದರು. ನೀಲಕಂಠರು ತಮ್ಮ ಹಳೆಯ ವ್ಯಾಪಾರದ ನೆನಪಿನ ಮೇಲೆ ಉಗರಗೋಳಕ್ಕೆ ಹೋಗಿ, ಗುಡ್ಡದ ದಾರಿಯ ಅಂಗಡಿಗಳಲ್ಲಿ ಹಳೆಯ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಕೆದಕಿ ಬಂದರು. “ಸವಾಲಿನ ಸೀಡಿ ಮೂರು ಸಿಕ್ವು. ಜವಾಬು ಒಂದೂ ಇಲ್ಲ. ನಾನೇ ಮಾರಿದವು, ಜವಾಬೇ ಹೆಚ್ಚು ಖರ್ಚಾಗಿದ್ವು,” ಎನ್ನುತ್ತಾರೆ. ಅಂಗಡಿಕಾರರಿಗೆ ಈಗ ಅದೇ ಒಂದು ಹೆಮ್ಮೆ, ಅದೇ ಒಂದು ದುಃಖ.

ಉಳಿದದ್ದು ಸುರೇಬಾನದ ಹೊಲ. ಜನವರಿಯ ಕೊನೆಗೆ ಗಂಡ ಹೆಂಡತಿ ಅಲ್ಲಿಗೆ ಹೋದರು. ಆಳೆತ್ತರದ ಬಿಳಿಜೋಳ, ಮೇಲೆ ದಾರ, ದಾರದುದ್ದಕ್ಕೂ ಹನ್ನೊಂದು ಸೀಡಿಗಳು. ಎಲ್ಲದರ ಹೆಸರೂ ಬಿಸಿಲಿಗೆ ಬೆಳ್ಳಗಾಗಿ ಹೋಗಿದೆ. ಯಾವುದು ಕರೆವ್ವ, ಯಾವುದು ಸಿನಿಮಾ ಹಾಡು, ಯಾವುದು ಬೋರ್‌ವೆಲ್ ಕಂಪನಿಯವರು ಪುಕ್ಕಟೆ ಹಂಚಿದ್ದು, ದೇವರೇ ಬಲ್ಲ. ಬದುವಿನ ಮೇಲೆ ಕೂತ ಕರೆವ್ವ ಕೈ ಹಣೆಗೆ ಹಚ್ಚಿ ಮೇಲೆ ನೋಡಿದರು. “ಇಲ್ಲೇ ಎಲ್ಲೋ ತೂಗಾಕತ್ತೇನಿ ನೋಡ್ರಿ ನಾ. ಎರಡ ಸುಗ್ಗಿ ಗುಬ್ಬಿ ಓಡಿಸೇನಿ,” ಎಂದರಂತೆ. ಲೀಲಾಬಾಯಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿದವು. ಹನ್ನೊಂದನ್ನೂ ಬಿಚ್ಚಿ, ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಂದರು. ಹಕ್ಕಿಗಳಿಂದ ಬೆಳೆಗೆ ತೊಂದರೆಯಾಗದಿರಲಿ ಎಂದು ನೀಲಕಂಠರು ಆ ಮೂರು ಸವಾಲಿನ ಸೀಡಿಗಳನ್ನು ಅಲ್ಲಿ ಕಟ್ಟಿದರು.

ಒಂಬತ್ತನೆಯ ಸೀಡಿ ಕರೆವ್ವನದಾಗಿತ್ತು. ಕಾರ್ಖಾನೆಯಲ್ಲಿ ಅಚ್ಚು ಹಾಕಿಸಿದ ಸೀಡಿಯಾದ್ದರಿಂದ ಬಿಸಿಲಿಗೆ ಪೂರ್ತಿ ಸತ್ತಿರಲಿಲ್ಲ. ಲೀಲಾಬಾಯಿ ಅದನ್ನು ಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದರು, ಸುತ್ತ ಉಜ್ಜದೆ ನಡುವಿನಿಂದ ಅಂಚಿಗೆ ನೇರ ಒರೆಸಿದರು. ಗೀರುಗಳಿಗೆ ಹಲ್ಲುಜ್ಜುವ ಪೇಸ್ಟು ಹಚ್ಚಿ ನುಣುಪು ಮಾಡಿದರು. ಪ್ಲೇಯರಿನ ಇಂಪೋರ್ಟ್ ಇಂಥ ಸೀಡಿಗೆ ಸಾಲುವುದಿಲ್ಲ. ಸುಮೇಧ ಫೋನಿನಲ್ಲಿ ಬೇರೆ ದಾರಿ ಹೇಳಿಕೊಟ್ಟರು. ಕಪ್ಪು ಪರದೆಯಲ್ಲಿ ಒಂದು ಸಾಲಿನ ಆಜ್ಞೆ ಬರೆಯಬೇಕು. ಆಗ ಯಂತ್ರ ಸೀಡಿಯ ಒಂದೊಂದು ಚೂರನ್ನೂ ಹತ್ತು ಸಲ, ನೂರು ಸಲ ಓದಿ, ಓದಿದ್ದು ತಾಳೆಯಾದರೆ ಮಾತ್ರ ಮುಂದೆ ಹೋಗುತ್ತದೆ. ಓದು ಸರಿ ನಡೆದರೆ ಪರದೆಯ ಮೇಲೆ ಚುಕ್ಕೆ ಗೆರೆಗಳಿಂದ ಮಾಡಿದ ನಗುವ ಮುಖ ಬರುತ್ತದೆ, ತೊಡಕಾದರೆ ಮುಖ ಸೊಟ್ಟಗಾಗುತ್ತದೆ. ಆ ಆಜ್ಞೆಯನ್ನು ಲೀಲಾಬಾಯಿ ಗೋಡೆಯ ಪಂಚಾಂಗದ ಮೇಲೆ ಏಕಾದಶಿಗಳ ನಡುವೆ ಬರೆದುಕೊಂಡಿದ್ದಾರೆ.

ಮೊದಲ ಜವಾಬು ಆರು ದಿನಕ್ಕೆ ಬಂತು, ನಾಲ್ಕನೆಯದು ಶಿವರಾತ್ರಿಯ ದಿನ, ಏಳನೆಯದು ಹೋಳಿ ಹುಣ್ಣಿಮೆಗೆ. ಒಂದೊಂದು ಬಂದಾಗಲೂ ನೀಲಾಗೆ ಫೋನಿನಲ್ಲಿ ಕಳಿಸಿದರು, ನೀಲಾ ಅಲ್ಲಿ ಕಲಿಯುತ್ತ ಹೋದರು. ಸೀಡಿಯಲ್ಲಿ ಹಾಡು ನಡುವಿನಿಂದ ಶುರುವಾಗಿ ಅಂಚಿಗೆ ಮುಗಿಯುತ್ತದೆ. ಕೊನೆಯ ಹಾಡು ಅಂಚಿನಲ್ಲಿ. ದಾರ ಉಜ್ಜಿದ್ದೂ ಅಲ್ಲೇ.

ಈಗ ಏಳು ಗಂಟೆ. ಪರದೆಯ ಮೇಲೆ ಮುಖ ಸೊಟ್ಟಗಾಗಿದೆ, ಡ್ರೈವು ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತದೆ. ಲೀಲಾಬಾಯಿ ಸೀಡಿ ಹೊರತೆಗೆದು ಬಲ್ಬಿಗೆ ಹಿಡಿಯುತ್ತಾರೆ. ಅಂಚಿನ ಹತ್ತಿರ ಜೋಳದ ಕಾಳಿನಷ್ಟು ಜಾಗದಲ್ಲಿ ಬೆಳಕು ಆರಪಾರ ಬರುತ್ತದೆ. ಮೇಲಿನ ಬೆಳ್ಳಿಯ ಪದರು ಅಲ್ಲಿ ಎದ್ದುಹೋಗಿದೆ. “ಗೀರು ಆದ್ರ ತಿಕ್ಕಬಹುದು. ಇಲ್ಲಿ ಓದ್ಲಿಕ್ಕೆ ಏನೂ ಉಳದಿಲ್ಲ,” ಎಂದು ಸೀಡಿಯನ್ನು ಮೇಜಿನ ಮೇಲೆ ಇಡುತ್ತಾರೆ. ಎಪ್ಪತ್ತು ದಿನ ಆಡದಿದ್ದ ಮಾತು ಅದು. ನೀಲಕಂಠರು ಪೇಪರು ಮಡಚುತ್ತಾರೆ, ಎದ್ದು ತಾವೇ ಚಹಾಕ್ಕಿಡಲು ಒಳಗೆ ಹೋಗುತ್ತಾರೆ.

ಹತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗ ಅತ್ತೆ ಸೊಸೆ ಬಾಗಿಲಲ್ಲಿ. ಕರೆವ್ವ ಉಡಿಯಲ್ಲಿ ಹೊಸ ಜೋಳ ಕಟ್ಟಿಕೊಂಡು ಬಂದಿದ್ದಾರೆ.

“ಬರ್ರಿ ಕರೆವ್ವಾ, ಕೂಡ್ರಿ. ಮೊದಲ ಹೇಳಿಬಿಡ್ತೀನಿ. ಏಳು ಪೂರಾ ಬಂದಾವ. ಎಂಟನೇದು ಅರ್ಧ ಅದ. ಮುಂದಿಂದು ಬರೂದಿಲ್ಲ. ತಪ್ಪು ನಂದು,” ಎಂದು ಲೀಲಾಬಾಯಿ ಒಂದೇ ಉಸಿರಿಗೆ ಹೇಳುತ್ತಾರೆ.

ಕರೆವ್ವ ಉಡಿಯ ಜೋಳ ಬಿಚ್ಚಿಟ್ಟು ಕೂರುತ್ತಾರೆ. “ಇದ್ದಷ್ಟ ಹಚ್ರಿ,” ಎನ್ನುತ್ತಾರೆ.

ಎದುರಿನ ಗಿರಣಿ ಗುಡುಗುತ್ತಿದೆ. ನೀಲಕಂಠರು ಚಪ್ಪಲಿ ಮೆಟ್ಟಿ ಓಣಿ ದಾಟುತ್ತಾರೆ. ಗಿರಣಿಯ ಮಹಾಂತಪ್ಪನ ಹತ್ತಿರ ಏನು ಹೇಳಿದರೋ, ಬೆಲ್ಟು ಸದ್ದು ನಿಲ್ಲಿಸುತ್ತದೆ. ಹಿಟ್ಟಿನ ಡಬ್ಬಿ ಹಿಡಿದ ನಾಲ್ಕು ಹೆಂಗಸರು ಯಾಕೆ ಎಂದು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಲೀಲಾಬಾಯಿ ಮೊದಲು ಎಂಟನೆಯ ಸವಾಲು ಹಚ್ಚುತ್ತಾರೆ. ಸತ್ತ ಹಣಮಂತಪ್ಪ ಏರುದನಿಯಲ್ಲಿ ಎದ್ದು ಬರುತ್ತಾನೆ:

“ಬೀಜ ಇಲ್ಲದ ಹೊಲ ಬರೇ ಮಣ್ಣ ಕೇಳ ನಾಗೇಶಿ
ಬಿತ್ತಾಂವ ದೊಡ್ಡಾಂವೋ, ಮಣ್ಣ ದೊಡ್ಡದೋ, ಹೇಳ ತಿಳಿಸಿ”

ಆಮೇಲೆ ಜವಾಬು. ಇಪ್ಪತ್ತು ವರ್ಷದ ಹಿಂದಿನ ಕರೆವ್ವ, ಕಂಚಿನ ಕಂಠ:

“ಬಿತ್ತಾಕ ಬಂದಿ ಉಡಿಯಾಗ ಬೀಜ ತುಂಬಿ ಹರದೇಶಿ
ಬೀಜ ನಿನಗ ಕೊಟ್ಟಾಕಿ ಯಾರ, ಹೇಳ ನೀ ಎಣಿಸಿ”

ಅಲ್ಲಿ ಹಾಡು ತುಂಡಾಗುತ್ತದೆ. ಆದರೆ ತಾಳ ನಿಂತಿಲ್ಲ. ಕರೆವ್ವನ ಬೆರಳ ಗೆಣ್ಣುಗಳು ಪಕ್ಕದಲ್ಲಿದ್ದ ಬಿಸ್ಕಿಟಿನ ಡಬ್ಬಿಯ ಮೇಲೆ ದಪ್ಪಿನ ಪೆಟ್ಟು ಹಾಕುತ್ತಲೇ ಇವೆ. ಒಳಗಿನ ಡ್ರೈವಿನ ತುಣುಕುಗಳು ಗಿಲಕಿಯಂತೆ ಸದ್ದು ಮಾಡುತ್ತವೆ. ಕಣ್ಣು ಮುಚ್ಚಿದ್ದಾರೆ, ತುಟಿ ಅಲುಗುತ್ತಿದೆ. ಲೀಲಾಬಾಯಿ ಕಂಪ್ಯೂಟರಿನ ಮೈಕನ್ನು ಅವರ ಹತ್ತಿರ ಸರಿಸಿ, ರೆಕಾರ್ಡಿನ ಗುಂಡಿ ಒತ್ತುತ್ತಾರೆ. ಹರಿದ ದನಿಯಲ್ಲಿ, ಪಿಸುಮಾತಿಗಿಂತ ಒಂದೇ ಮೆಟ್ಟಿಲು ಮೇಲೆ, ಮುಂದಿನ ನುಡಿ ಬರುತ್ತದೆ:

“ಬೂದಿ ಕಲಿಸಿ ಗಡಗ್ಯಾಗ ಹಾಕಿ ಬಾಯಿ ಮುಚ್ಚಿಟ್ಟೇನಿ
ಹುಳ ಮುಟ್ಟದಂಗ ವರ್ಸಾನ ವರ್ಸಾ ನಾ ಕಾದ ಕೊಟ್ಟೇನಿ”

ಎರಡನೆಯ ಸಲ ನೀಲಾ ದನಿ ಕೂಡಿಸುತ್ತಾರೆ. ಮೂರನೆಯ ಸಲ ನೀಲಾ ಒಬ್ಬರೇ ಹಾಡುತ್ತಾರೆ, ಅತ್ತೆ ಡಬ್ಬಿ ಬಾರಿಸುತ್ತಾರೆ. ಗಿರಣಿಯ ಬಾಗಿಲಲ್ಲಿ ನಿಂತ ಹೆಂಗಸರಲ್ಲಿ ಒಬ್ಬಾಕೆ “ಹೌದ ಹೌದ!” ಎಂದು ಕೂಗುತ್ತಾರೆ. ಕರೆವ್ವ ಕಣ್ಣು ತೆರೆದು ಕಂಪ್ಯೂಟರಿನ ಕಡೆ ನೋಡಿ, “ಈಗ ಹಾಕಲಿ ಅಂವಾ ಸವಾಲ,” ಎನ್ನುತ್ತಾರೆ.

“ಇದನ್ನ ಅದಕ್ಕ ಜೋಡಸ್ರಿ ಬಾಯಾರ, ಒಂದ ಹಾಡ ಆಕ್ಕೈತಿ,” ಎಂದು ನೀಲಾ ಕೇಳುತ್ತಾರೆ.

“ಬ್ಯಾಡವಾ. ಹರದದ್ದು ಹರದಂಗ ಇರಲಿ, ಹೊಸಾದು ಹೊಸಾದರಂಗ ಇರಲಿ. ಮುಂದ ಯಾರರೆ ಕೇಳಿದ್ರ ಇಲ್ಲೊಂದು ತಪ್ಪಾಗಿತ್ತು ಅಂತ ಗೊತ್ತಾಗಬೇಕು,” ಎಂದು ಲೀಲಾಬಾಯಿ ಬೇರೆಯೇ ಫೈಲು ಮಾಡುತ್ತಾರೆ. ಈ ಸಲ ಹೆಸರನ್ನು ಎರಡೆರಡು ಸಲ ನೋಡಿ, ಒಂದೇ ಬೆರಳಿನಿಂದ ನಿಧಾನವಾಗಿ ಬರೆಯುತ್ತಾರೆ: ‘ಜವಾಬು ಎಂಟು, ಉಳಿದ ನುಡಿ. ದನಿ: ಕರೆವ್ವ, ನೀಲಾ. ಊರು: ಸುರೇಬಾನ.’ ದಪ್ಪು ಎಂಬ ಜಾಗದಲ್ಲಿ ಸ್ವಲ್ಪ ತಡೆದು ‘ಕರೆವ್ವ, ಬಿಸ್ಕಿಟ್ ಡಬ್ಬಿಯ ಮೇಲೆ’ ಎಂದು ಸೇರಿಸುತ್ತಾರೆ. ಒಂದು ಪ್ರತಿ ಬೀಜದ ಕಾಳಿನ ಡಿಸ್ಕಿಗೆ, ಇನ್ನೊಂದು ಧಾರವಾಡದ ಸುಮೇಧನ ಡಿಸ್ಕಿಗೆ.

ಬೇಕಾದದ್ದು ಏನಾದರೂ ಇದೆಯೇ ಎಂದರೆ ಲೀಲಾಬಾಯಿ ಡ್ರೈವಿನ ಕಡೆ ಬೆರಳು ತೋರಿಸುತ್ತಾರೆ. ಸೀಡಿ ಓದುವ ಡ್ರೈವು ಈಗ ಪೇಟೆಯಲ್ಲಿ ಸಿಗುವುದಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯದೊಂದು ಬಿದ್ದಿದ್ದರೆ ಗುಜರಿಗೆ ಹಾಕಬೇಡಿ ಎನ್ನುವುದಷ್ಟೇ ಅವರ ಕೋರಿಕೆ. “ಇದೊಂದು ಸತ್ತರ ಮುಂದ ನಾ ಕಿವಿ ಕೊಡೂದು ಯಾವುದಕ್ಕ?” ಎಂದು ಡ್ರೈವಿನ ಬೆನ್ನು ತಟ್ಟುತ್ತಾರೆ.

ಗಿರಣಿ ಮತ್ತೆ ಶುರುವಾಗಿದೆ. ಅಷ್ಟರಲ್ಲಿ ದೊಡವಾಡದ ಕಲ್ಮೇಶ ಟ್ರ್ಯಾಕ್ಟರನ್ನು ಓಣಿಯ ಬಾಯಿಗೆ ನಿಲ್ಲಿಸಿ ಬರುತ್ತಾರೆ. ಹೋದ ವಾರ ಇಳಿಸಲು ಕೊಟ್ಟ ಭಜನೆಯ ಸೀಡಿ ವಾಪಸ್ ಒಯ್ಯಲು ಬಂದಿದ್ದಾರೆ. ಪೆನ್ ಡ್ರೈವ್ ಕಿಸೆಗೆ ಹಾಕಿಕೊಂಡು, ಸೀಡಿಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ಬಾಯಾರದೇ ಹಳೆಯ ಮಾತನ್ನು ಎತ್ತುತ್ತಾರೆ. “ಕೆಲಸ ಮುಗೀತಲ್ರಿ? ಹೊಲಕ್ಕ ಕಟ್ಟಲೇನು?”

ಲೀಲಾಬಾಯಿ ಬಾಯಿ ತೆರೆಯುವ ಮೊದಲೇ ಕಟ್ಟೆಯ ಮೇಲೆ ಚಪ್ಪಲಿ ಹುಡುಕುತ್ತಿದ್ದ ಕರೆವ್ವ ಕೈಚಾಚಿ ಆ ಸೀಡಿಯನ್ನು ಇಸಿದುಕೊಳ್ಳುತ್ತಾರೆ. ಅಂಚಿನಲ್ಲೇ ಹಿಡಿದಿದ್ದಾರೆ, ಬಾಯಾರು ಹಿಡಿಯುವ ಹಾಗೆ. ಹರಿದ ದನಿಯಲ್ಲಿ ಹೇಳುತ್ತಾರೆ:

“ತಡಿಯಪಾ. ಇಳಿಸಿದ್ದನ್ನ ಬಾಯಾರು ಪೂರಾ ಕೇಳ್ಯಾರೇನು, ಮೊದಲ ಕೇಳು.”

“ಇಲ್ಲ, ಇನ್ನೂ ಕೇಳಿಲ್ಲ,” ಎಂದು ಲೀಲಾಬಾಯಿ ಸೀಡಿಯನ್ನು ವಾಪಸ್ ತೆಗೆದುಕೊಂಡು ಕುರ್ಚಿ ಎಳೆದು ಕೂರುತ್ತಾರೆ. “ಕೂಡ್ರಿ ಕಲ್ಮೇಶ, ಇಬ್ಬರೂ ಕೂಡೇ ಕೇಳೋಣ. ಒಂದನೇ ಹಾಡಿನಿಂದ.”